ಪಥ್ಯಕ್ಕೆ ಸಿಹಿಯ ಸಂಭಾವನೆಯೆ?

ಮಂಗಳೂರಿನ ಕದ್ರಿ ಗುಡ್ಡದ ಬದಿಯಲ್ಲಿ ಸಂಜೆಯ ಹೊತ್ತು ನಿಂತು ನೋಡಿದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಉದ್ಯಾನದ ಸುತ್ತ ಬಿರುಸಾಗಿ ನಡೆಯುವವರು, ಏರನ್ನು ಹತ್ತಿ ಇಳಿಯುವವರು, ಕಡಲೂರಿನ ಸೆಕೆಗೆ ಬೆವರಿ ತೊಯ್ದು ಹೋದವರು. ಇವರಲ್ಲಿ ಅನೇಕರು ಪಥ್ಯ ಹಿಡಿದವರು. ಮಧ್ಯಾಹ್ನದ ಅನ್ನವನ್ನು ಅರ್ಧಕ್ಕಿಳಿಸಿದವರು, ಚಹಾಕ್ಕೆ ಸಕ್ಕರೆ ಬೇಡವೆಂದವರು, ಕರಿದ ತಿಂಡಿಗೆ ಕೈಮುಗಿದವರು. ಇಷ್ಟಾಗಿ, ದೀಪ ಹಚ್ಚುವ ವೇಳೆಗೆ ಇವರಲ್ಲೇ ಕೆಲವರು ಪೇಟೆಯ ಐಸ್‌ಕ್ರೀಮ್ ಅಂಗಡಿಯಲ್ಲಿ ಎತ್ತರದ ಗಾಜಿನ ಲೋಟವೊಂದರ ಮುಂದೆ ಕುಳಿತಿರುತ್ತಾರೆ. ಲೋಟದಲ್ಲಿರುವುದು ಗಡ್‌ಬಡ್. ‘ಈ ಹೊತ್ತು ಒಂದು ಗಂಟೆ ನಡೆದಿದ್ದೇನೆ, ಇಷ್ಟಕ್ಕೂ ನನಗೆ ಹಕ್ಕಿಲ್ಲವೆ?’ ಎಂಬ ಮಾತು ಅವರ ನಾಲಗೆಯ ಮೇಲಿಲ್ಲದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಈ ದೃಶ್ಯವನ್ನು ನಗುವುದಕ್ಕಾಗಿ ನಾವು ಇಲ್ಲಿ ಎತ್ತಿಕೊಂಡಿಲ್ಲ. ನಮ್ಮಲ್ಲಿ ಯಾರು ಯಾರನ್ನು ನೋಡಿ ನಗಬೇಕು? ಪರೀಕ್ಷೆ ಮುಗಿದ ದಿನ, ಕಷ್ಟದ ಪಾಠವೊಂದನ್ನು ಓದಿ ಮುಗಿಸಿದ ರಾತ್ರಿ, ವಾರವಿಡೀ ಬಾಯಿ ಕಟ್ಟಿದ ಮೇಲಿನ ಭಾನುವಾರ, ನಮ್ಮ ಕೈಯೂ ಮಿಠಾಯಿಯ ಡಬ್ಬಿಯ ಕಡೆಗೇ ಹೋಗುತ್ತದೆ. ಸಿಹಿಯ ಮೇಲೆ ನಮಗೆ ಹಗೆಯಿಲ್ಲ. ಈಚಿನ ದಿನಗಳಲ್ಲಿ ಸಿಹಿಗೆ ನಾವು ಕೊಟ್ಟಿರುವ ಉದ್ಯೋಗದ ಮೇಲೆ ಮಾತ್ರ ನಮ್ಮ ಆಕ್ಷೇಪಣೆ. ಒಳ್ಳೆಯ ನಡತೆಗೆ ಕೂಲಿಯಾಗಿ ಸಿಹಿಯನ್ನು ಕೊಡುವ ಪದ್ಧತಿ ತಪ್ಪು. ಪಥ್ಯಕ್ಕೆ ಅದನ್ನೇ ಸಂಭಾವನೆಯಾಗಿ ಕೊಡುವುದಂತೂ ಪಥ್ಯದ ಬೇರನ್ನೇ ಕಡಿಯುವ ಕೆಲಸ. ಇದು ನಮ್ಮ ಅಭಿಪ್ರಾಯ. ಇದಕ್ಕೆ ಆಧಾರವೇನೆಂಬುದನ್ನು ವಿದ್ಯಾರ್ಥಿ ವಾಚಕರ ಮುಂದಿಡುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ೬೦ ಕಿಲೊಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ೫೦ ಮೀಟರ್ ಎತ್ತರದ ಗುಡ್ಡವನ್ನು ಹತ್ತಿದನೆಂದು ಇಟ್ಟುಕೊಳ್ಳಿ. ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಅವನು ಮಾಡಿದ ಕೆಲಸವೆಷ್ಟು? ಭೌತಶಾಸ್ತ್ರದ ಮೊದಲ ಪಾಠದಂತೆ ೬೦ × ೯.೮ × ೫೦, ಅಂದರೆ ೨೯,೪೦೦ ಜೂಲ್. ಆಹಾರದ ಶಕ್ತಿಯನ್ನು ಅಳೆಯುವ ಕಿಲೊಕ್ಯಾಲರಿಗೆ ಇದನ್ನು ಪರಿವರ್ತಿಸಿದರೆ ಸುಮಾರು ೭ ಮಾತ್ರ. ನಮ್ಮ ಸ್ನಾಯುಗಳು ಆಹಾರದಿಂದ ಪಡೆದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಪಾಲನ್ನು ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದುದು ಶಾಖವಾಗಿ ಹೋಗುತ್ತದೆ. ಆದುದರಿಂದ ಮೇಲೇರುವ ಕೆಲಸಕ್ಕೆ ದೇಹವು ವ್ಯಯ ಮಾಡಿದುದು ಸುಮಾರು ೨೮ ಕಿಲೊಕ್ಯಾಲರಿ. ಒಂದು ಗ್ರಾಂ ಸಕ್ಕರೆಯಲ್ಲಿ ೪ ಕಿಲೊಕ್ಯಾಲರಿ ಇರುವುದರಿಂದ, ಏದುಸಿರು ಬಿಡುತ್ತ ಏರಿದ ಆ ಗುಡ್ಡದ ಬೆಲೆ ೭ ಗ್ರಾಂ ಸಕ್ಕರೆ. ಚಹಾದ ಲೋಟಕ್ಕೆ ಹಾಕುವ ಎರಡು ಸಣ್ಣ ಚಮಚ ಅಷ್ಟೆ!

ಸಮನೆಲದ ನಡಿಗೆಯ ಲೆಕ್ಕವೂ ಇದಕ್ಕಿಂತ ಬಹಳ ಉದಾರವಾಗಿಲ್ಲ. ಅದೇ ವಿದ್ಯಾರ್ಥಿ ಗಂಟೆಗೆ ೫ ಕಿಲೊಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು ೨೦೦ ಕಿಲೊಕ್ಯಾಲರಿ ಖರ್ಚಾಗುತ್ತದೆ. ಇದರಲ್ಲಿ ೬೦ರಷ್ಟು ಅವನು ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ನಡಿಗೆಯಿಂದಲೇ ಆದ ಹೆಚ್ಚಿನ ವ್ಯಯ ೧೪೦. ಈಗ ಗಡ್‌ಬಡ್ ಲೋಟಕ್ಕೆ ಬರೋಣ. ಮೂರು ಬಗೆಯ ಐಸ್‌ಕ್ರೀಮಿನ ಉಂಡೆಗಳು, ನಡುನಡುವೆ ಜೆಲ್ಲಿ, ಹಣ್ಣಿನ ಹೋಳು, ಗೋಡಂಬಿ, ದ್ರಾಕ್ಷಿ. ಉಂಡೆಯೊಂದು ೬೦ ಗ್ರಾಂ ಎಂದು ಹಿಡಿದು, ನೂರು ಗ್ರಾಂ ಐಸ್‌ಕ್ರೀಮಿಗೆ ಸುಮಾರು ೨೦೦ ಕಿಲೊಕ್ಯಾಲರಿಯಂತೆ ಎಣಿಸಿದರೆ ಐಸ್‌ಕ್ರೀಮಿನಿಂದಲೇ ೩೬೦ ಆಯಿತು. ಉಳಿದುವನ್ನೂ ಸೇರಿಸಿದರೆ ೪೫೦ರ ಆಸುಪಾಸಿಗೆ ಬರುತ್ತದೆ. ಒಂದು ಗಂಟೆಯ ನಡಿಗೆಗೆ ಮೂರು ಗಂಟೆಗೂ ಮಿಕ್ಕಿದ ಕೂಲಿ! ಇಷ್ಟು ಧಾರಾಳಿಯಾದ ಯಜಮಾನನ ಸಂಸಾರ ಎಷ್ಟು ದಿನ ನಡೆದೀತು?

ಹಾಗೆಂದು ನಡಿಗೆ ವ್ಯರ್ಥವೆಂದು ಯಾರೂ ತಿಳಿಯಬಾರದು. ನಡಿಗೆಯಿಂದ ಹೃದಯವೂ ರಕ್ತನಾಳಗಳೂ ಸ್ನಾಯುಗಳೂ ಹೊಂದುವ ಲಾಭ ತಕ್ಕಡಿಯ ಮುಳ್ಳಿಗೆ ಕಾಣಿಸುವಂಥದಲ್ಲ. ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುವ ಸ್ನಾಯುಗಳ ಶಕ್ತಿಯೂ ಅದರಿಂದ ಹೆಚ್ಚುತ್ತದೆ. ನಾವು ಹೇಳುವುದಿಷ್ಟೆ: ನಡಿಗೆಯೆಂಬುದು ಮಿಠಾಯಿಯ ಅಂಗಡಿಯಲ್ಲಿ ಚಲಾವಣೆಯಾಗುವ ನಾಣ್ಯವಲ್ಲ.

ಇಲ್ಲಿಗೆ ಲೆಕ್ಕ ಮುಗಿಯಿತು. ಆದರೆ ಸಮಸ್ಯೆ ಮುಗಿಯಲಿಲ್ಲ. ಏಕೆಂದರೆ ಈ ಲೆಕ್ಕವನ್ನು ಬಲ್ಲವರೂ ಗಡ್‌ಬಡ್ ತಿನ್ನುತ್ತಾರೆ. ದೇಹದ ಲೆಕ್ಕದ ಪುಸ್ತಕ ಬೇರೆ, ಮನಸ್ಸಿನದು ಬೇರೆ. ಮನಸ್ಸು ಕ್ಯಾಲರಿಗಳನ್ನು ಬರೆದಿಡುವುದಿಲ್ಲ; ಪುಣ್ಯ ಪಾಪಗಳನ್ನು ಬರೆದಿಡುತ್ತದೆ. ಬೆಳಗ್ಗೆ ಸಂಪಾದಿಸಿದ ಪುಣ್ಯವನ್ನು ಸಂಜೆಗೆ ಖರ್ಚು ಮಾಡದೆ ಅದಕ್ಕೆ ಸಮಾಧಾನವಿಲ್ಲ. ನಮ್ಮ ಮನೆಗಳಿಗೆ ಇದೇನೂ ಹೊಸತಲ್ಲ. ಏಕಾದಶಿಯ ದಿನ ಅನ್ನವನ್ನು ಬಿಟ್ಟು, ಅದರ ಬದಲಿಗೆ ಅವಲಕ್ಕಿ, ಹಣ್ಣು, ಹಾಲು, ಸಜ್ಜಿಗೆಗಳ ‘ಫಲಾಹಾರ’ವನ್ನು ನಿತ್ಯದ ಊಟಕ್ಕಿಂತಲೂ ಗಟ್ಟಿಯಾಗಿ ಮುಗಿಸಿ, ಮರುದಿನ ಪಾರಣೆಯಲ್ಲಿ ಪಾಯಸ ಬಡಿಸಿಕೊಳ್ಳುವ ಉಪವಾಸಿಗರನ್ನು ನೋಡದವರು ಯಾರು? ಅವರ ಭಕ್ತಿ ಸುಳ್ಳಲ್ಲ. ‘ಉಪವಾಸ ಮಾಡಿದ್ದೇನೆ’ ಎಂಬ ಭಾವನೆಯೇ ಅವರಿಗೆ ಉಣ್ಣುವುದಕ್ಕೆ ಅಪ್ಪಣೆಯ ಚೀಟಿಯಾಗುತ್ತದೆ.

ಮನಶ್ಶಾಸ್ತ್ರಜ್ಞರು ಇದನ್ನು ನೈತಿಕ ಪರವಾನಗಿ ಎನ್ನುತ್ತಾರೆ. ತೈವಾನಿನ ಸಂಶೋಧಕರು ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸಂದರ್ಭದಲ್ಲಿ ಗಮನಾರ್ಹವಾಗಿದೆ. ಅದರಲ್ಲಿ ಎಲ್ಲರಿಗೂ ಯಾವ ಗುಣವೂ ಇಲ್ಲದ ಪೊಳ್ಳು ಗುಳಿಗೆಯನ್ನೇ ಕೊಟ್ಟರು. ಕೆಲವರಿಗೆ ಅದು ಪೊಳ್ಳು ಗುಳಿಗೆಯೆಂದೇ ತಿಳಿಸಿದರು. ಉಳಿದವರಿಗೆ ಅದು ವಿಟಮಿನ್ ಗುಳಿಗೆಯೆಂದು ಹೇಳಿದರು. ವಿಟಮಿನ್ ನುಂಗಿದೆವೆಂದು ನಂಬಿದವರಲ್ಲಿ ವ್ಯಾಯಾಮದ ಆಸಕ್ತಿ ಕಡಿಮೆಯಾಗಿತ್ತು; ಆರೋಗ್ಯಕರವಾದ ಊಟಕ್ಕಿಂತ ಭೂರಿಭೋಜನದ ಕಡೆಗೆ ಅವರ ಒಲವು ಹೆಚ್ಚಿತ್ತು. ಗುಳಿಗೆ ದೇಹದೊಳಗೆ ಏನನ್ನೂ ಮಾಡಿರಲಿಲ್ಲ. ‘ನಾನು ಒಳ್ಳೆಯದನ್ನು ಮಾಡಿದೆ’ ಎಂಬ ತೃಪ್ತಿಯೊಂದೇ ಅವರನ್ನು ಸಡಿಲಗೊಳಿಸಿತ್ತು. ಒಂದು ಪ್ರಯೋಗದಿಂದ ಮನುಷ್ಯಸ್ವಭಾವವೆಲ್ಲ ಇತ್ಯರ್ಥವಾಗುವುದಿಲ್ಲವೆಂಬುದು ನಿಜ. ಆದರೂ ನಮ್ಮೊಳಗಿನ ಏಕಾದಶಿಯ ಲೆಕ್ಕಿಗನು ತೈವಾನಿನಲ್ಲಿಯೂ ಇದ್ದಾನೆಂದು ತಿಳಿಯುವುದು ಒಂದು ಬಗೆಯ ಸಮಾಧಾನವಲ್ಲವೆ?

ಇನ್ನು, ಸಂಭಾವನೆಗೆ ಸಿಹಿಯೇ ಏಕೆ ಬೇಕು? ತೊಂಡೆಕಾಯಿ ಪಲ್ಯವನ್ನು ಬಹುಮಾನವಾಗಿ ಬಯಸಿದವರನ್ನು ನಾವು ಕಂಡಿಲ್ಲ. ಇದಕ್ಕೆ ಕಾರಣ ನಮ್ಮ ಹುಟ್ಟಿನಲ್ಲಿಯೇ ಇದೆ. ಹುಟ್ಟಿ ಕೆಲವು ಗಂಟೆಗಳಾದ ಶಿಶುವಿನ ನಾಲಗೆಗೆ ಸಕ್ಕರೆ ನೀರಿನ ಹನಿ ತಾಕಿಸಿದರೆ ಅದರ ಮುಖ ಅರಳುತ್ತದೆ. ಕಹಿಯ ಹನಿಗೆ ಕಿವಿಚುತ್ತದೆ. ತಾಯಿಯ ಹಾಲೂ ಸಿಹಿಯೇ. ಕಾಡಿನಲ್ಲಿ ಅಲೆದು ಬದುಕಿದ ನಮ್ಮ ಪೂರ್ವಿಕರಿಗೆ ಸಿಹಿಯೆಂದರೆ ಹಣ್ಣಾದುದು, ಶಕ್ತಿಯುಳ್ಳದು, ಬಹುಮಟ್ಟಿಗೆ ವಿಷವಿಲ್ಲದುದು. ಅಂದು ಪ್ರಾಣವನ್ನು ಉಳಿಸಿದ ಆ ಒಲವು ಇಂದು ಮೂಲೆಮೂಲೆಗೂ ಮಿಠಾಯಿ ದೊರೆಯುವ ಪೇಟೆಯಲ್ಲಿ ನಮ್ಮೊಡನೆ ನಡೆದು ಬರುತ್ತಿದೆ.

ಇದರ ಮೇಲೆ ಮಿದುಳು ಮತ್ತೊಂದು ಪಾಠವನ್ನು ಕಲಿಯುತ್ತದೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ೧೯೯೦ರ ದಶಕದಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಕೋತಿಗಳ ಮೇಲೆ ಪ್ರಯೋಗ ಮಾಡಿ, ಡೋಪಮೀನ್ ಎಂಬ ರಾಸಾಯನಿಕವನ್ನು ಸೂಸುವ ನರಕೋಶಗಳ ವರ್ತನೆಯನ್ನು ಅಳೆದನು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ದೊರೆತಾಗ ಆ ಕೋಶಗಳು ಚುರುಕಾಗುತ್ತಿದ್ದುವು. ರಸಕ್ಕೆ ಮೊದಲು ಪ್ರತಿಸಲವೂ ಒಂದು ಸೂಚನೆಯನ್ನು ಕೊಡುತ್ತ ಬಂದಾಗ, ಕೆಲಕಾಲದ ಮೇಲೆ ಅವು ರಸಕ್ಕೆ ಚುರುಕಾಗುವುದನ್ನು ಬಿಟ್ಟು ಸೂಚನೆಗೇ ಚುರುಕಾಗತೊಡಗಿದುವು. ಸೂಚನೆ ಬಂದೂ ರಸ ಬಾರದೆ ಹೋದರೆ, ಬರಬೇಕಾದ ಕ್ಷಣಕ್ಕೆ ಸರಿಯಾಗಿ ಅವುಗಳ ಚಟುವಟಿಕೆ ಎಂದಿಗಿಂತಲೂ ಕೆಳಗಿಳಿಯಿತು.

ಈ ಶೋಧವನ್ನು ಕದ್ರಿಯ ನಡಿಗೆಗೆ ಅನ್ವಯಿಸಿ ನೋಡಿ. ನಡಿಗೆ ಮುಗಿದೊಡನೆ ಸಿಹಿ, ಓದು ಮುಗಿದೊಡನೆ ಸಿಹಿ ಎಂದು ಹತ್ತಾರು ಸಲ ನಡೆದರೆ, ನಡಿಗೆಯ ಕೊನೆಯೂ ಓದಿನ ಕೊನೆಯೂ ಮಿದುಳಿಗೆ ಸೂಚನೆಗಳಾಗುತ್ತವೆ. ಆಮೇಲೆ ಒಂದು ದಿನ ಅಂಗಡಿಯನ್ನು ದಾಟಿ ಮನೆಗೆ ಹೋದರೆ ಏನೋ ನಷ್ಟವಾದಂತೆ, ಯಾರೋ ಮೋಸ ಮಾಡಿದಂತೆ ಭಾಸವಾಗುತ್ತದೆ. ಕಳೆದುಕೊಂಡುದು ಏನೂ ಇಲ್ಲ. ನಿರೀಕ್ಷೆಯೊಂದು ಈಡೇರಲಿಲ್ಲ, ಅಷ್ಟೆ. ಆ ಚಡಪಡಿಕೆಯನ್ನು ನಾವು ಹಸಿವೆಂದು ಕರೆದು ತಪ್ಪು ಮಾಡುತ್ತೇವೆ. ಇದರಲ್ಲಿ ಒಂದು ಶುಭವಾರ್ತೆಯೂ ಅಡಗಿದೆ. ಕಲಿತುದನ್ನು ಮಿದುಳು ಸಡಿಲಿಸಿಕೊಳ್ಳಬಲ್ಲದು. ಸೂಚನೆಯ ಹಿಂದೆ ಸಿಹಿ ಬಾರದ ದಿನಗಳು ಹೆಚ್ಚಿದಂತೆಲ್ಲ ಸೂಚನೆಯ ಬಲ ಕುಗ್ಗುತ್ತದೆ.

ತಂದೆತಾಯಿಗಳೂ ಉಪಾಧ್ಯಾಯರೂ ಕೇಳಬೇಕಾದ ಮಾತೊಂದು ಇಲ್ಲಿದೆ. ಅಮೆರಿಕದ ಲಿಯಾನ್ ಬರ್ಚ್ ಮತ್ತು ಅವಳ ಸಹೋದ್ಯೋಗಿಗಳು ೧೯೮೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗೆ ಒಂದು ತಿಂಡಿಯನ್ನು ಬಹುಮಾನವಾಗಿಯೋ ದೊಡ್ಡವರ ಅಕ್ಕರೆಯ ಮಾತಿನೊಡನೆಯೋ ಕೊಟ್ಟಾಗ ಆ ತಿಂಡಿಯ ಮೇಲೆ ಅವರ ಪ್ರೀತಿ ಹೆಚ್ಚಿತೆಂದು ಕಂಡುಬಂದಿತು. ಅದೇ ತಿಂಡಿಯನ್ನು ಸುಮ್ಮನೆ ತಿಂಡಿಯ ವೇಳೆಗೆ ಕೊಟ್ಟಾಗ ಹಾಗಾಗಲಿಲ್ಲ. ‘ಲೆಕ್ಕದಲ್ಲಿ ನೂರು ತೆಗೆದರೆ ಐಸ್‌ಕ್ರೀಮ್’ ಎಂದು ಹೇಳುವಾಗ ನಾವು ಮಗುವಿಗೆ ಲೆಕ್ಕದ ಪ್ರೀತಿಯನ್ನು ಕಲಿಸುತ್ತಿಲ್ಲ. ಐಸ್‌ಕ್ರೀಮಿನ ಪ್ರೀತಿಯನ್ನು ಕಲಿಸುತ್ತಿದ್ದೇವೆ. ಲೆಕ್ಕವು ದಾಟಬೇಕಾದ ಕೆಸರೆಂದೂ ಐಸ್‌ಕ್ರೀಮ್ ಆಚೆಯ ದಡವೆಂದೂ ಮಗು ತಿಳಿಯುತ್ತದೆ. ಪಥ್ಯದಲ್ಲಿಯೂ ಇದೇ ನಡೆಯುವುದು. ಸಿಹಿ ಸಂಭಾವನೆಯಾದೊಡನೆ ಪಥ್ಯದ ಊಟ ಶಿಕ್ಷೆಯಾಗಿಬಿಡುತ್ತದೆ.

ಇಲ್ಲಿಯೇ ಪಥ್ಯದ ಒಂದು ದೊಡ್ಡ ದೋಷವನ್ನೂ ಹೇಳಬೇಕಾಗಿದೆ. ಸಂಭಾವನೆಯ ಹಂಬಲ ಅತಿಯಾಗಿರುವಲ್ಲಿ ಬಹಳ ಸಲ ಪಥ್ಯವೇ ಅತಿಯಾಗಿರುತ್ತದೆ. ೧೯೪೪ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ೩೬ ಮಂದಿ ಆರೋಗ್ಯವಂತ ತರುಣರ ಮೇಲೆ ಒಂದು ಪ್ರಯೋಗವನ್ನು ಆರಂಭಿಸಿದನು. ಯುದ್ಧದಿಂದ ಹಸಿದ ಯೂರೋಪಿನ ಜನರನ್ನು ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕೆಂಬುದು ಅದರ ಉದ್ದೇಶ. ಆ ತರುಣರು ೨೪ ವಾರಗಳ ಕಾಲ ತಮ್ಮ ವಾಡಿಕೆಯ ಆಹಾರದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ತಿಂದು ಕಾಲುಭಾಗ ತೂಕವನ್ನು ಕಳೆದುಕೊಂಡರು. ಆದರೆ ಅವರ ಮನಸ್ಸಿಗಾದುದೇನು? ಊಟದ ಹೊರತು ಬೇರೆ ವಿಷಯ ಅವರಿಗೆ ರುಚಿಸದಾಯಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಓದುವುದರಲ್ಲಿ ಮುಳುಗಿದರು. ಮತ್ತೆ ಬೇಕಾದಷ್ಟು ಉಣ್ಣುವ ಅವಕಾಶ ದೊರೆತಾಗ ಅನೇಕರು ಹೊಟ್ಟೆ ತುಂಬಿದ ಮೇಲೂ ತೃಪ್ತಿಯನ್ನು ಕಾಣಲಿಲ್ಲ.

ಇವರು ದುರ್ಬಲ ಮನಸ್ಸಿನವರಾಗಿರಲಿಲ್ಲ. ತಮ್ಮ ತತ್ತ್ವಕ್ಕಾಗಿ ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ, ಅದಕ್ಕೆ ಬದಲಾಗಿ ಈ ಕಷ್ಟವನ್ನು ತಾವಾಗಿ ವಹಿಸಿಕೊಂಡವರು. ಇಂಥವರನ್ನೇ ಹಸಿವು ಹೀಗೆ ಮಣಿಸಿತೆಂದ ಮೇಲೆ, ಬೆಳಗಿನ ತಿಂಡಿಯನ್ನೂ ಮಧ್ಯಾಹ್ನದ ಊಟವನ್ನೂ ಬಿಟ್ಟ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸಂಜೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತ ಬೇಕರಿಯ ಗಾಜಿನ ಮುಂದೆ ಸೋತರೆ ಅದನ್ನು ಚಾರಿತ್ರ್ಯದ ಕೊರತೆಯೆನ್ನಬಹುದೆ? ಅದು ದೇಹದ ನ್ಯಾಯವಾದ ಬೇಡಿಕೆ. ಸೋತುದಕ್ಕಾಗಿ ತನ್ನನ್ನು ತಾನೇ ಹಳಿದುಕೊಂಡು, ಮರುದಿನ ಇನ್ನಷ್ಟು ಕಟ್ಟುನಿಟ್ಟು ಮಾಡಿ, ಮತ್ತೆ ಸೋಲುವ ಸುಳಿಯೊಳಗೆ ಎಳೆಯರು ಸಿಕ್ಕಿಕೊಳ್ಳುವುದನ್ನು ಕಂಡರೆ ನಮಗೆ ಕಳವಳವಾಗುತ್ತದೆ. ಬೆಳೆಯುವ ವಯಸ್ಸಿನವರು ವೈದ್ಯರ ಸಲಹೆಯಿಲ್ಲದೆ ಊಟವನ್ನು ಬಿಡುವ ಪಥ್ಯಕ್ಕೆ ಕೈಹಾಕಲೇಬಾರದು. ಕನ್ನಡಿಗೂ ಗೆಳೆಯರ ಮಾತಿಗೂ ಅಂಜಿ ಹಿಡಿದ ಪಥ್ಯ ಪಥ್ಯವಲ್ಲ.

ಈಗ ಎದುರಾಳಿಯ ಮಾತನ್ನೂ ಕೇಳೋಣ. ‘ಸಣ್ಣದೊಂದು ಸಂಭಾವನೆಯಿಲ್ಲದಿದ್ದರೆ ಉತ್ಸಾಹ ಎಲ್ಲಿಂದ ಬರಬೇಕು? ಸಿಹಿಯನ್ನು ಪೂರ್ತಿ ನಿಷೇಧಿಸಿದರೆ ಹಂಬಲ ಇಮ್ಮಡಿಯಾಗುವುದಿಲ್ಲವೆ?’ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ಪೂರ್ಣ ನಿಷೇಧವನ್ನು ನಾವೂ ಬೋಧಿಸುತ್ತಿಲ್ಲ. ಆದರೆ ಮೊದಲೇ ಗೊತ್ತುಮಾಡಿಕೊಂಡ ಪಾಲು ಒಂದು, ಗಳಿಸಿಕೊಂಡ ಕೂಲಿ ಮತ್ತೊಂದು. ‘ಭಾನುವಾರ ಮನೆಯವರೆಲ್ಲರೊಡನೆ ಕುಳಿತು ಒಂದು ಬಟ್ಟಲು ಪಾಯಸ ಉಣ್ಣುತ್ತೇನೆ’ ಎಂಬುದು ಪಾಲು. ಆ ವಾರ ನಡೆದಿರಲಿ ಬಿಡಲಿ, ಅದು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ‘ಈ ಹೊತ್ತು ಚೆನ್ನಾಗಿ ನಡೆದೆ, ಆದುದರಿಂದ ತಿನ್ನುತ್ತೇನೆ’ ಎಂಬುದು ಕೂಲಿ. ಕೂಲಿಗೆ ಬೇಡಿಕೆ ಬೆಳೆಯುವ ಗುಣವುಂಟು. ಇಂದು ಗಂಟೆಯ ನಡಿಗೆಗೆ ಕೇಳಿದ್ದನ್ನು ನಾಳೆ ಅರ್ಧ ಗಂಟೆಗೆ ಕೇಳುತ್ತದೆ. ಬೇಸರಕ್ಕೆ, ಆಯಾಸಕ್ಕೆ, ಕೊನೆಗೆ ಸೋಮವಾರ ಬಂದುದಕ್ಕೂ ಕೇಳುತ್ತದೆ.

ಆಸೆಯನ್ನು ತಡೆಯುವುದು ಹಲ್ಲು ಕಚ್ಚಿ ಮಾಡುವ ಕುಸ್ತಿಯೆಂದು ತಿಳಿಯುವುದೂ ಸರಿಯಲ್ಲ. ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞನು ೧೯೬೦ರ ದಶಕದ ಕೊನೆಯಿಂದ ಸ್ಟ್ಯಾನ್‌ಫರ್ಡಿನಲ್ಲಿ ಪುಟ್ಟ ಮಕ್ಕಳೊಡನೆ ನಡೆಸಿದ ಪ್ರಯೋಗಗಳು ಹೆಸರಾಗಿವೆ. ‘ಈಗಲೇ ಬೇಕಾದರೆ ಸಣ್ಣ ಪಾಲು, ಸ್ವಲ್ಪ ಕಾದರೆ ದೊಡ್ಡ ಪಾಲು’ ಎಂಬುದು ಆಟದ ನಿಯಮ. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಬಾಳಿನಲ್ಲಿಯೂ ಹೆಚ್ಚು ಯಶಸ್ವಿಗಳಾದರೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ೨೦೧೮ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಮನೆಯ ಪರಿಸ್ಥಿತಿಯನ್ನೂ ಗಣನೆಗೆ ತೆಗೆದುಕೊಂಡರೆ ಆ ಸಂಬಂಧ ಬಹಳ ಕ್ಷೀಣವೆಂದು ತೋರಿಸಿತು. ಆದರೆ ನಮಗೆ ಬೇಕಾದುದು ಮಿಶೆಲನ ೧೯೭೨ರ ಮತ್ತೊಂದು ಮಾತು. ತಿಂಡಿ ಕಣ್ಣೆದುರಿಗಿದ್ದಾಗ ಮಕ್ಕಳು ಬೇಗ ಸೋತರು. ಅದು ಮರೆಯಾಗಿದ್ದಾಗ ಅಥವಾ ಮನಸ್ಸಿಗೆ ಬೇರೆ ವಿನೋದವಿದ್ದಾಗ ಬಹಳ ಹೊತ್ತು ಕಾದರು. ಗೆದ್ದವರು ಆಸೆಯೊಡನೆ ಜಗಳವಾಡಲಿಲ್ಲ; ಮುಖವನ್ನು ಬೇರೆ ಕಡೆಗೆ ತಿರುಗಿಸಿದರು.

ನಮ್ಮ ಕರಾವಳಿಯಲ್ಲಿ ಸಿಹಿಗೆ ಮೊದಲು ಯಾವ ಸ್ಥಾನವಿತ್ತೆಂಬುದನ್ನು ನೆನೆಯುವುದೂ ಉಚಿತ. ತುಳುನಾಡಿನ ಮನೆಗೆ ಬಿಸಿಲಿನಲ್ಲಿ ನಡೆದು ಬಂದ ಅತಿಥಿಗೆ ಬೆಲ್ಲವನ್ನೂ ನೀರನ್ನೂ ಕೊಡುವ ಪದ್ಧತಿಯುಂಟು. ಬೆಲ್ಲದ ತುಂಡೊಂದು ಹತ್ತು ಗ್ರಾಂ ಎಂದರೂ ೪೦ ಕಿಲೊಕ್ಯಾಲರಿಯನ್ನು ಮೀರದು. ಅತಿಥಿ ಅದನ್ನು ಗಳಿಸಿದವನಲ್ಲ. ಆತಿಥೇಯನು ಅಕ್ಕರೆಯಿಂದ ಕೊಟ್ಟುದು. ಚೌತಿಯ ಪಂಚಕಜ್ಜಾಯ, ಅಷ್ಟಮಿಯ ಉಂಡೆಗಳು ಹಬ್ಬದವು. ಕ್ರಿಸ್ಮಸ್ಸಿನಲ್ಲಿ ಮಂಗಳೂರಿನ ಕ್ರೈಸ್ತರ ಮನೆಗಳಿಂದ ನೆರೆಹೊರೆಗೆಲ್ಲ ಹೋಗುವ ಕುಸ್ವಾರಿನ ತಟ್ಟೆ ಹಂಚುವುದಕ್ಕೆಂದೇ ಮಾಡಿದುದು. ರಂಜಾನಿನ ಸಂಜೆ ಉಪವಾಸ ಬಿಡುವಾಗಿನ ಖರ್ಜೂರ ಎಲ್ಲರೊಡನೆ ಕೂಡಿ ತಿನ್ನುವಂಥದು. ಇವುಗಳಲ್ಲಿ ಯಾವುದೂ ಒಬ್ಬನು ತನಗೆ ತಾನೇ ಕೊಟ್ಟುಕೊಂಡ ಕೂಲಿಯಲ್ಲ. ಸಿಹಿ ಆಗ ಕಾಲಕ್ಕೆ ಬರುತ್ತಿತ್ತು, ಇನ್ನೊಬ್ಬರ ಕೈಯಿಂದ ಬರುತ್ತಿತ್ತು, ಹಂಚಿಕೊಂಡು ಮುಗಿಯುತ್ತಿತ್ತು. ಐಸ್‌ಕ್ರೀಮಿಗೂ ಈ ಊರಿನಲ್ಲಿ ಗೌರವದ ಚರಿತ್ರೆಯೇ ಇದೆ. ೧೯೭೫ರಲ್ಲಿ ಇಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮ್ ಮಂಗಳೂರಿನ ಹೆಸರನ್ನು ಹೊರಗಿನವರಿಗೂ ರುಚಿಯಾಗಿಸಿತು. ಊರಿಗೆ ಬಂದ ನೆಂಟರೊಡನೆ ಕುಳಿತು ಗಡ್‌ಬಡ್ ತಿನ್ನುವುದು ಸಂತೋಷದ ಸಂಗತಿಯೇ ಸರಿ. ಅದು ಹಬ್ಬದ ಸಾಲಿಗೆ ಸೇರಲಿ. ದಿನಗೂಲಿಯ ಸಾಲಿಗೆ ಬೇಡ.

ಇಲ್ಲೊಂದು ಭ್ರಮೆಯನ್ನು ನಿವಾರಿಸಬೇಕು. ಬೆಲ್ಲವನ್ನು ಹೊಗಳಿದೆವೆಂದು ಬೆಲ್ಲದ ಮಿಠಾಯಿ ನಿರಪಾಯಕರವೆಂದು ತಿಳಿಯಬಾರದು. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶಗಳಿದ್ದರೂ ಅದರ ಬಹುಭಾಗ ಸಕ್ಕರೆಯೇ. ಶಕ್ತಿಯ ಲೆಕ್ಕದಲ್ಲಿ ಎರಡೂ ಹೆಚ್ಚು ಕಡಿಮೆ ಸಮಾನ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಪ್ರಕಟಿಸಿದ ಸೂಚನೆಯಂತೆ, ಆಹಾರಕ್ಕೆ ಬೆರೆಸುವ ಸಕ್ಕರೆ, ಜೇನು, ಹಣ್ಣಿನ ರಸ ಇವುಗಳಿಂದ ಬರುವ ಸಕ್ಕರೆಯೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರತಕ್ಕದ್ದು. ಅದನ್ನು ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಎರಡನೆಯ ಮಿತಿ ಸಾಮಾನ್ಯ ವಯಸ್ಕನಿಗೆ ಸುಮಾರು ೨೫ ಗ್ರಾಂ, ಅಂದರೆ ಆರು ಸಣ್ಣ ಚಮಚ. ಸಕ್ಕರೆಯಿಲ್ಲದ ಕೃತಕ ಸಿಹಿಗಳನ್ನು ತೂಕ ಇಳಿಸುವ ಸಾಧನವಾಗಿ ನೆಚ್ಚಬಾರದೆಂದು ಅದೇ ಸಂಸ್ಥೆ ೨೦೨೩ರಲ್ಲಿ ಸಲಹೆ ಮಾಡಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಹೊಟ್ಟೆಯನ್ನು ನ್ಯಾಯವಾಗಿ ತುಂಬಿಸಿ. ಕುಚ್ಚಲಕ್ಕಿಯ ಗಂಜಿ, ಹೆಸರುಕಾಳಿನ ಗಸಿ, ಬಸಳೆಯ ಪದಾರ್ಥ, ತಿನ್ನುವವರಾದರೆ ಬಂಗುಡೆ, ಬೂತಾಯಿಗಳು, ಇವು ಪಥ್ಯಕ್ಕೆ ಶತ್ರುಗಳಲ್ಲ. ಕಾಳು, ಸೊಪ್ಪು, ಮೀನು ಇರುವ ಊಟ ಬಹಳ ಹೊತ್ತು ಹಸಿವನ್ನು ತಡೆಯುತ್ತದೆ. ಹಸಿಯದವನ ಮುಂದೆ ಮಿಠಾಯಿಯ ಬಲ ಅರ್ಧಕ್ಕಿಳಿಯುತ್ತದೆ. ಎರಡನೆಯದಾಗಿ, ದಾರಿಯನ್ನು ಬದಲಿಸಿ. ನಡಿಗೆ ಮುಗಿಯುವುದು ಅಂಗಡಿಯ ಬಾಗಿಲಿನಲ್ಲಾದರೆ ಮನೆಯ ಬಾಗಿಲಿನಲ್ಲಿ ಮುಗಿಯುವಂತೆ ತಿರುಗಿಸಿಕೊಳ್ಳಿ. ಮೂರನೆಯದಾಗಿ, ಸಂಭಾವನೆ ಬೇಕೇ ಬೇಕೆಂದರೆ ಅದನ್ನು ಬಾಯಿಂದ ಹೊರಗಿಡಿ. ಮೆಚ್ಚಿನ ಪುಸ್ತಕದ ಒಂದು ಅಧ್ಯಾಯ, ಗೆಳೆಯನೊಡನೆ ಪಣಂಬೂರಿನ ಕಡಲತೀರದಲ್ಲಿ ಒಂದು ಸಂಜೆ, ಮಧ್ಯಾಹ್ನದ ನಿದ್ರೆ, ಇವೂ ಸಂಭಾವನೆಗಳೇ. ನಾಲ್ಕನೆಯದಾಗಿ, ಒಂದು ದಿನ ತಿಂದೇ ಬಿಟ್ಟರೆ ಪ್ರಾಯಶ್ಚಿತ್ತಕ್ಕೆ ಹೊರಡಬೇಡಿ. ಮರುಹೊತ್ತಿನ ಊಟವನ್ನು ಎಂದಿನಂತೆ ಉಣ್ಣಿ. ಸಿಹಿಯನ್ನು ಪುಣ್ಯದ ಫಲವೆನ್ನುವುದು ಎಷ್ಟು ತಪ್ಪೋ ಪಾಪವೆನ್ನುವುದೂ ಅಷ್ಟೇ ತಪ್ಪು. ಎರಡೂ ಒಂದೇ ಲೆಕ್ಕದ ಪುಸ್ತಕದ ಎರಡು ಪುಟಗಳು. ಆ ಪುಸ್ತಕವನ್ನೇ ಮುಚ್ಚಿಡುವುದು ಲೇಸು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆಂದು ಕೇಳುವವರಿದ್ದಾರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆ ೧೦ ಕೋಟಿಯನ್ನು ದಾಟಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿಗೆ ಮೀರಿದ್ದಾರೆ. ಆ ರೋಗಕ್ಕೆ ಸಕ್ಕರೆಯೊಂದೇ ಕಾರಣವಲ್ಲ. ವಂಶ, ತೂಕ, ಕುಳಿತೇ ಕಳೆಯುವ ಬಾಳು, ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಮೂವತ್ತು ನಲವತ್ತು ವರ್ಷಗಳ ಕಾಲ ದೇಹವನ್ನು ನಡೆಸುವ ಅಭ್ಯಾಸಗಳು ನೆಲೆಗೊಳ್ಳುವುದು ಇದೀಗ ಈ ಪುಟವನ್ನು ಓದುತ್ತಿರುವವರ ವಯಸ್ಸಿನಲ್ಲಿ. ನಲವತ್ತರಲ್ಲಿ ವೈದ್ಯರ ಅಪ್ಪಣೆಯಿಂದ ಕಣ್ಣೀರಿಟ್ಟು ಬಿಡುವುದಕ್ಕಿಂತ ಹದಿನೆಂಟರಲ್ಲಿ ನಗುತ್ತ ಮಿತಿಯಲ್ಲಿಡುವುದು ಸುಲಭ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಊಟವನ್ನು ಬಲ್ಲವನೆಂದರೆ ಏನನ್ನು ಉಣ್ಣಬೇಕೆಂದು ಬಲ್ಲವನು ಮಾತ್ರವಲ್ಲ. ಏತಕ್ಕಾಗಿ ಉಣ್ಣುತ್ತಿದ್ದೇನೆಂದೂ ಬಲ್ಲವನು. ಮುಂದಿನ ಸಲ ಬಾವುಟಗುಡ್ಡದ ಏರನ್ನು ಹತ್ತಿ ಕಾಲೇಜಿಗೋ ಮನೆಗೋ ತಲಪಿದಾಗ, ಉಸಿರು ನಿಧಾನಕ್ಕೆ ಬರುವವರೆಗೆ ಒಂದು ಕ್ಷಣ ನಿಲ್ಲಿ. ಕಾಲಿನ ಹಿತವಾದ ಬಿಸುಪು, ಬೆವರಿನ ಮೇಲೆ ಬೀಸುವ ಕಡಲ ಗಾಳಿ, ತಿಂಗಳ ಹಿಂದೆ ಎರಡು ಸಲ ನಿಂತು ಹತ್ತಿದ ಏರನ್ನು ಇಂದು ಒಂದೇ ಉಸಿರಿಗೆ ಹತ್ತಿದ ಹೆಮ್ಮೆ, ಇವೆಲ್ಲ ಗುಡ್ಡವು ಆಗಲೇ ಪಾವತಿ ಮಾಡಿದ ಸಂಭಾವನೆ. ಅದನ್ನು ಎಣಿಸಿಕೊಂಡ ಮೇಲೆ ಬೇರೆ ಅಂಗಡಿಯಲ್ಲಿ ಮತ್ತೊಮ್ಮೆ ಕೂಲಿ ಕೇಳುವ ಅಗತ್ಯ ಬಹಳ ಸಲ ಬೀಳುವುದಿಲ್ಲ.